ಮದುವೆ ಹತ್ತಿರ ಬಂತು ಅಂತ ಅವಸರದಲ್ಲಿ ಸಿಲಿಕಾನ್ ಸ್ತನ ಕೊಳ್ಳಬೇಡಿ

ಕ್ಯಾನ್ಸರ್ ಅಂತ ಬಲ ಸ್ತನ ತೆಗೆದು ಸರಿಯಾಗಿ ನಾಲ್ಕು ವಾರಕ್ಕೆ ನಾನು ಬ್ರಾದೊಳಗೆ ಇಟ್ಟುಕೊಳ್ಳುವ ಸಿಲಿಕಾನ್ ಸ್ತನ ಕೊಂಡೆ. ಅದರಿಂದ ನಾನು ಪಟ್ಟ ಪಾಡು ಇನ್ನೊಬ್ಬರು ಪಡಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ವಿರಾಜಪೇಟೆ ಕಡೆ. ಏಪ್ರಿಲ್‌ನಲ್ಲಿ ತಂಗಿ ಮಗನ ಮದುವೆ ಇತ್ತು. ಆಪರೇಷನ್‌ಗೆ ಮೊದಲೇ ಕೀಮೋ ಆಗಿದ್ದರಿಂದ ತಲೆಯಲ್ಲಿ ಕೂದಲಿರಲಿಲ್ಲ. ಅದು ಅಷ್ಟು ಚಿಂತೆಯಾಗಲಿಲ್ಲ, ತಲೆಗೆ ವಸ್ತ್ರ ಕಟ್ಟಿಕೊಂಡರೆ ಆಯಿತು. ಚಿಂತೆ ಎದೆಯದ್ದು. ಕೊಡವ ಸೀರೆಯಲ್ಲಿ ನೆರಿಗೆ ಹಿಂದೆ ಹೋಗುತ್ತದೆ. ಸೆರಗು ಎಡ ಕಂಕುಳ ಕೆಳಗಿನಿಂದ ಬಂದು ಎದೆಗೆ ಬಿಗಿಯಾಗಿ ಸುತ್ತಿ ಬಲ ಭುಜದ ಮೇಲೆ ನಿಲ್ಲುತ್ತದೆ. ಒಂದು ಕಡೆ ಚಪ್ಪಟೆ ಇದ್ದರೆ ಎದ್ದು ಕಾಣುತ್ತದೆ ಅಲ್ವಾ? ಎರಡೂ ಕಡೆ ಸಮ ಕಂಡರೆ ಸಾಕು ಅನ್ನೋದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಮಗ ಮೈಸೂರಿಗೆ ಕರೆದುಕೊಂಡು ಹೋದ. ಅಂಗಡಿಯಲ್ಲಿ ಗಂಡಸರೇ ಇದ್ದರು. ಬ್ರಾ ಸೈಜ್ ಕೇಳಿದರು, 36 ಅಂದೆ. ಒಂದು ಡಬ್ಬಿ ತಂದಿಟ್ಟರು. ಕಪ್ ಯಾವುದು, ಎಡಕ್ಕೋ ಬಲಕ್ಕೋ, ಆಪರೇಷನ್ ಆಗಿ ಎಷ್ಟು ದಿನ ಆಯ್ತು, ಒಂದನ್ನೂ ಕೇಳಲಿಲ್ಲ. ಹಾಕಿ ನೋಡಲು ಜಾಗವಿಲ್ಲ, ವಾಪಸ್ ತಗೊಳ್ಳೋದೂ ಇಲ್ಲ ಅಂದರು. ನನಗೂ ನಾಚಿಕೆ, ಅಲ್ಲಿಂದ ಹೊರಗೆ ಬಂದರೆ ಸಾಕಾಗಿತ್ತು. 7,500 ರೂಪಾಯಿ ಕೊಟ್ಟು ಬಂದೆ.

ಮನೆಯಲ್ಲಿ ಮಾಮೂಲಿ ಬ್ರಾದೊಳಗೆ ಇಟ್ಟುಕೊಂಡೆ. ಎಡಗಡೆಗಿಂತ ಜಾಸ್ತಿ ಭಾರ. ಬಗ್ಗಿದರೆ ಜಾರಿ ಮೇಲೆ ಬರುತ್ತಿತ್ತು. ಜಾರಬಾರದು ಅಂತ ಪಟ್ಟಿಯನ್ನು ಬಿಗಿ ಮಾಡಿದೆ. ಬ್ರಾದ ಕೆಳಗಿನ ಅಂಚು ಹೊಲಿಗೆ ಮೇಲೇ ಒತ್ತಿ ಕೂತಿತು. ಮೂರನೇ ದಿನಕ್ಕೆ ಗಾಯ ಕೆಂಪಾಗಿ ನೀರು ಒಸರತೊಡಗಿತು. ಅಭ್ಯಾಸ ಆಗುತ್ತೆ ಅಂದುಕೊಂಡು ಸುಮ್ನೆ ಇದ್ದೆ. ಯಾರಿಗೂ ಹೇಳಲಿಲ್ಲ.

ಮದುವೆ ದಿನ ನಾದಿನಿ ಸೀರೆ ಉಡಿಸಿದಳು. ಸೆರಗು ಜಾರುತ್ತದೆ ಅಂತ ಎದೆ ಹತ್ತಿರ ಇನ್ನೊಂದು ಪಿನ್ ಹಾಕಿದಳು. ಅದು ರವಿಕೆ, ಬ್ರಾ ದಾಟಿ ಸಿಲಿಕಾನ್‌ಗೇ ಚುಚ್ಚಿಕೊಂಡಿತ್ತು. ಚುಚ್ಚಿದ್ದು ನನಗೆ ಹೇಗೆ ಗೊತ್ತಾಗಬೇಕು? ರಾತ್ರಿ ರವಿಕೆ ಬಿಚ್ಚುವಾಗ ಬ್ರಾ ಬೆರಳಿಗೆ ಅಂಟಿಕೊಂಡಿತು. ಸಣ್ಣ ತೂತಿನಿಂದ ಜೇನಿನಂಥ ಅಂಟು ಬರುತ್ತಿತ್ತು. ಅದರ ಕೆಳಗೆ ಹೊಲಿಗೆಯ ಒಂದು ತುದಿ ಬಿಟ್ಟುಕೊಂಡಿತ್ತು.

ದುಡ್ಡು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಗಾಯ ಮಾಯುವ ತನಕ ರೇಡಿಯೇಷನ್ ಶುರು ಮಾಡಲು ಆಗುವುದಿಲ್ಲ ಅಂದರು ಡಾಕ್ಟರು. ಎರಡು ವಾರ ಮುಂದೆ ಹೋಯಿತು. ಆ ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. "ಆರರಿಂದ ಎಂಟು ವಾರ ಹತ್ತಿ ತುಂಬಿದ್ದು ಹಾಕ್ಕೋಬೇಕಿತ್ತಮ್ಮ, ಒಂದು ಮಾತು ಕೇಳಬಾರದಿತ್ತಾ?" ಅಂದರು. ಕೇಳಬೇಕಿತ್ತು. ಡಿಸ್ಚಾರ್ಜ್ ದಿನ ಅವರೂ ಹೇಳಬಹುದಿತ್ತು.

ನೀವು ಮಾತ್ರ ಗಾಯ ಪೂರ್ತಿ ಮಾಯ್ದು ಡಾಕ್ಟರ್ ಹೂಂ ಅನ್ನುವವರೆಗೆ ಸಿಲಿಕಾನ್ ಮುಟ್ಟಬೇಡಿ. ರೇಡಿಯೇಷನ್ ಇದ್ದರೆ ಆಮೇಲೆ ಚರ್ಮ ಶಾಂತವಾಗಲು ಇನ್ನೂ ಕಾಯಬೇಕು. ಅಲ್ಲಿವರೆಗೆ ಮೆತ್ತನೆಯ ಹತ್ತಿಯದ್ದು ಸಾಕು. ಹತ್ತಿ ನೂಲಿನಲ್ಲಿ ಹೆಣೆದದ್ದನ್ನು ನಿಟೆಡ್ ನಾಕರ್ಸ್ ಇಂಡಿಯಾದವರು ದುಡ್ಡಿಲ್ಲದೆ ಕೊಡುತ್ತಾರೆ. ನನಗೆ ಇದು ಮೊದಲೇ ಗೊತ್ತಿರಲಿಲ್ಲವಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಳ್ಳುವಾಗ ಹಾಕಿ ನೋಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ನನ್ನ ಎರಡನೆಯದನ್ನು ಬೆಂಗಳೂರಿನಲ್ಲಿ ಒಬ್ಬ ಹೆಂಗಸು ಅಳತೆ ನೋಡಿ ಕೊಟ್ಟರು. ಒಳಗೆ ಜೇಬಿರುವ, ಅಗಲ ಪಟ್ಟಿಯ ಬ್ರಾ ಮೊದಲು ಹಾಕಿಸಿದರು. ಆಮೇಲೆ ಮೂರು ಸೈಜ್ ಒಂದೊಂದಾಗಿ ಜೇಬಿಗೆ ಹಾಕಿ ಕೈ ಎತ್ತಿಸಿದರು, ಬಗ್ಗಿಸಿದರು, ಪಕ್ಕದಿಂದಲೂ ಕನ್ನಡಿ ತೋರಿಸಿದರು. ಭಾರ ಇನ್ನೊಂದು ಕಡೆಗೆ ಹೊಂದದಿದ್ದರೆ ಕುತ್ತಿಗೆ, ಬೆನ್ನು ಹಿಡಿದುಕೊಳ್ಳುತ್ತವೆ. ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದರೆ ಕೈ ಊದುವ ಭಯ ಇದ್ದೇ ಇರುತ್ತದೆ. ಅಂಥವರಿಗೆ ಭುಜ ಕೊರೆಯುವ ಸಣ್ಣ ಪಟ್ಟಿ ಬೇಡವೇ ಬೇಡ.

ಸಿಲಿಕಾನ್ ಸ್ತನವನ್ನು ದಿನಾ ರಾತ್ರಿ ಮೆದು ಸೋಪಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಅದರದ್ದೇ ಡಬ್ಬಿಯಲ್ಲಿ ಇಡಿ. ನಮ್ಮ ಮಳೆಗಾಲದಲ್ಲಿ ಬ್ರಾ ಎರಡು ದಿನ ಆದರೂ ಒಣಗುವುದಿಲ್ಲ, ಆದ್ದರಿಂದ ಜೇಬಿನ ಬ್ರಾ ಮೂರಾದರೂ ಬೇಕು. ಒದ್ದೆಯದ್ದು ಹಾಕಿಕೊಂಡರೆ ಆ ಜಾಗದಲ್ಲಿ ಗುಳ್ಳೆ ಏಳುತ್ತದೆ. ಬ್ರಾ ಒಲೆ ಮೇಲಿನ ಹಗ್ಗದಲ್ಲಿ ಒಣಗಲಿ, ಸಿಲಿಕಾನ್ ಮಾತ್ರ ಬಿಸಿ ಹತ್ತಿರ ಹೋಗಬಾರದು.

ಸೀರೆ ಉಡಿಸುವವರಿಗೆ ಮೊದಲೇ ಹೇಳಿಬಿಡಿ. ನಾನು ಈಗ ಹೇಳುತ್ತೇನೆ. ಹೋದ ಪುತ್ತರಿ ಹಬ್ಬಕ್ಕೆ ನಾದಿನಿಯೇ ಉಡಿಸಿದ್ದು. ಪಿನ್ ಹಾಕುವ ಮುಂಚೆ ತನ್ನ ಎಡಗೈಯನ್ನು ರವಿಕೆಯೊಳಗೆ ತೂರಿಸಿ ಸಿಲಿಕಾನ್‌ಗೆ ಅಡ್ಡ ಹಿಡಿದುಕೊಂಡಳು.