ಕಕ್ಕಬೆಯ ಬೆಟ್ಟಕ್ಕೆ ಬಂದ ಪೋಸ್ಟ್‌ಪೇಯ್ಡ್: ಸಿಗ್ನಲ್‌ಗೆ ಒಂದು ಅಂಕ, ಬಿಡುಗಡೆಗೆ ಎರಡು

ಕೊಡಗಿನ ಕಕ್ಕಬೆಯಲ್ಲಿರುವ ನಮ್ಮ ಹೋಮ್‌ಸ್ಟೇಯ ಬುಕಿಂಗ್‌ಗೆಂದೇ ವಿರಾಜಪೇಟೆಯ ಅಂಗಡಿಯೊಂದರಲ್ಲಿ ತೆಗೆದುಕೊಂಡ ಹೊಸ ಪೋಸ್ಟ್‌ಪೇಯ್ಡ್ ಸಂಪರ್ಕದ ವಿಮರ್ಶೆ ಇದು. ಕಂಪನಿಯ ಹೆಸರು ಹೇಳುವುದಿಲ್ಲ. ಐದಕ್ಕೆ ಅಂಗಡಿಗೆ ಮೂರು ಅಂಕ, ಸಿಗ್ನಲ್‌ಗೆ ಒಂದು, ಸಂಪರ್ಕವನ್ನು ಮುಚ್ಚಿಸುವ ವ್ಯವಸ್ಥೆಗೆ ಎರಡು.

ಕೊಡುವಾಗ ಎಲ್ಲವೂ ಚುರುಕು. ಆಧಾರ್, ಫೋಟೊ, ಠೇವಣಿ, ಸಂಜೆಯೊಳಗೆ ಸಿಮ್ ಚಾಲೂ. ಕಕ್ಕಬೆಯ ಮೇಲ್ಭಾಗದಲ್ಲಿ ಸಿಗ್ನಲ್ ಸಿಗುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗ ಕಂಪನಿಯ ನಕ್ಷೆಯನ್ನೇ ತೆರೆದು ತೋರಿಸಿದ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳ ಪ್ರಕಾರ ಕಂಪನಿಗಳು ಯಾವ ಊರಿನಲ್ಲಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಹಾಕಿದ್ದಾರೆ; ನಮ್ಮ ಬೆಟ್ಟಕ್ಕೂ ಧಾರಾಳವಾಗಿ ಬಣ್ಣ ಬಳಿದಿದ್ದಾರೆ. ಆದರೆ ಸಿಲ್ವರ್ ಓಕ್ ಮರಗಳ ನಡುವೆ ತಗ್ಗಿನಲ್ಲಿ ಕುಳಿತ ಮನೆಯ ಅಡುಗೆಕೋಣೆ ಆ ನಕ್ಷೆಗೆ ಕಾಣುವುದಿಲ್ಲ.

ಮನೆಯೊಳಗೆ ಸಿಗ್ನಲ್ ಸೊನ್ನೆ. ಜಗಲಿಯಲ್ಲಿ ಒಂದು ಗೆರೆ. ಕಾಫಿ ಕಣದ ಮೂಲೆಗೆ ಹೋದರೆ ಎರಡು, ಅದೂ ಕರೆಂಟ್ ಇದ್ದರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಟವರ್ ಕೂಡ ಮಲಗುತ್ತದೆ. ತಡಿಯಂಡಮೋಳ್ ಹತ್ತಲು ಬರುವ ಬೆಂಗಳೂರಿನವರಿಗೆ ನೆಟ್‌ವರ್ಕ್ ಇಲ್ಲ ಎಂದರೆ ಬಂದ ದಿನ ಸಂತೋಷ, ಹಣ ಕೊಟ್ಟು ಹೊರಡುವ ದಿನ ಗಾಬರಿ. ಕೊಡೆ ಹಿಡಿದು ಕಣದಲ್ಲಿ ನಿಂತು ಯುಪಿಐ ಮಾಡುವ ಅತಿಥಿಗೆ ಬೆಳಗಿನ ಕಡಂಬುಟ್ಟು, ಪಂದಿಕರಿಯ ರುಚಿ ಅಲ್ಲಿಯೇ ಮರೆತು ಹೋಗುತ್ತದೆ.

ಮುಚ್ಚಿಸೋಣವೆಂದು ಹೋದರೆ ಅಂಗಡಿಯಲ್ಲಿ ಸಿಕ್ಕ ಉತ್ತರ: ‘90 ದಿನ ಆಗದೆ ಬರುವುದಿಲ್ಲ ಮೇಡಂ.’ ಈ ಮಾತನ್ನು ಕೊಡಗಿನಲ್ಲಿ ಬಹಳ ಜನ ನಂಬಿಕೊಂಡು ಬಾಡಿಗೆ ಕಟ್ಟುತ್ತಿದ್ದಾರೆ. 90 ದಿನದ ನಿಯಮ ಪೋರ್ಟ್ ಮಾಡುವವರಿಗೆ, ಅಂದರೆ ಅದೇ ನಂಬರನ್ನು ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವವರಿಗೆ. ನಂಬರೇ ಬೇಡ ಎನ್ನುವವರಿಗೆ ಅದು ಅನ್ವಯಿಸುವುದಿಲ್ಲ. ಪೋಸ್ಟ್‌ಪೇಯ್ಡ್ ಮುಚ್ಚಲು ಕೋರಿಕೆ ಕೊಟ್ಟರೆ 7 ದಿನಗಳೊಳಗೆ ಮುಚ್ಚಬೇಕು ಎಂಬುದು ಟ್ರಾಯ್ ವಿಧಿಸಿದ ಗುಣಮಟ್ಟದ ಮಾನದಂಡ. ಹುಡುಗನಿಗೆ ಇದನ್ನು ತಿಳಿಸಿದೆ. ಅವನು ವಾದಕ್ಕೆ ನಿಲ್ಲಲಿಲ್ಲ, ಲಿಖಿತ ಕೋರಿಕೆ ತೆಗೆದುಕೊಂಡು ನನ್ನ ಪ್ರತಿಗೆ ಮೊಹರು ಹಾಕಿಕೊಟ್ಟ. ಮೂರು ಅಂಕ ಅದಕ್ಕೇ.

ಕಂಪನಿಯ ನಡವಳಿಕೆ ಬೇರೆ. 198ಕ್ಕೆ ಕರೆ ಮಾಡಿ ದೂರು ಕೊಟ್ಟೆ. ದೂರನ್ನು ಗುರುತಿಸುವ ಡಾಕೆಟ್ ಸಂಖ್ಯೆ ಬಂತು. ಆಮೇಲೆ ಬಂದದ್ದು ರಿಯಾಯಿತಿಯ ಕರೆಗಳು. ಬಾಡಿಗೆ ಇಳಿಸುತ್ತೇವೆ, ಡೇಟಾ ಹೆಚ್ಚಿಸುತ್ತೇವೆ ಎಂದರು. ಸಿಗ್ನಲ್ ಇಲ್ಲದ ಮನೆಗೆ ಹೆಚ್ಚುವರಿ ಡೇಟಾ ಏಕೆ ಎಂಬ ಪ್ರಶ್ನೆಗೆ ಕರೆ ಮಾಡಿದ ಹೆಣ್ಣುಮಗಳ ಬಳಿ ಉತ್ತರವಿರಲಿಲ್ಲ, ಪಾಪ. ನಡುವೆ ಒಂದು ದಿನ ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎಂಬ ಸಂದೇಶ ಬಂತು. ಸಂಪರ್ಕ ಮಾತ್ರ ಹಾಗೆಯೇ ಇತ್ತು. ಇಂಥ ಸಂದರ್ಭಕ್ಕೆಂದೇ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕೆಂದು ಟ್ರಾಯ್‌ನ 2012ರ ನಿಯಮಗಳು ಹೇಳುತ್ತವೆ. ಅಲ್ಲಿಗೆ ಡಾಕೆಟ್ ಸಂಖ್ಯೆ, ಮೊಹರು ಬಿದ್ದ ಪ್ರತಿ ಎರಡನ್ನೂ ಕಳುಹಿಸಿದೆ. ಮೇಲ್ಮನವಿಯನ್ನು ತೀರ್ಮಾನಿಸಲು ಅವರಿಗೆ 39 ದಿನಗಳ ಅವಕಾಶವಿದೆ. ಅಷ್ಟು ಹಿಡಿಯದೆ ಸಂಪರ್ಕ ಮುಚ್ಚಿದರು. ಕೊನೆಯ ಬಿಲ್ ಕಳೆದು ಠೇವಣಿಯೂ ಬಂತು. ಬರದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವಳಿದ್ದೆ: 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಮೊಬೈಲ್ ಕಂಪನಿಗಳ ಮೇಲೆ ಗ್ರಾಹಕರ ವೇದಿಕೆಗೆ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ತಂಗಿಯ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ 2013ರಿಂದ ಜಾರಿಯಲ್ಲಿರುವ ವೈರ್‌ಲೆಸ್ ಸಂಹಿತೆಯ ಪ್ರಕಾರ, ಬೇಗ ಬಿಟ್ಟರೆ ದಂಡ ಕಟ್ಟಬೇಕಾದ ಕರಾರಿಗೆ ಕನಿಷ್ಠ 15 ದಿನಗಳ ಪರೀಕ್ಷಾ ಅವಧಿ ಕೊಡಬೇಕು. ತಿಂಗಳ ಮಿತಿಯ ಅರ್ಧಕ್ಕಿಂತ ಹೆಚ್ಚು ಬಳಸದೆ, ಕಂಪನಿ ಕೊಟ್ಟ ಫೋನನ್ನು ಹೊಸದರಂತೆ ಹಿಂದಿರುಗಿಸಿದರೆ ದಂಡವಿಲ್ಲದೆ ಕರಾರು ರದ್ದಾಗುತ್ತದೆ. ಅಲ್ಲಿ ಫೋನನ್ನೂ ಕರಾರಿನಲ್ಲೇ ಕಟ್ಟಿಕೊಡುವುದರಿಂದ ಆ ನಿಯಮ ಬಂದಿದೆ, ನಿಜ. ಆದರೆ ಫೋನ್ ನಮ್ಮದೇ ಆಗಿದ್ದರೂ ಮನೆಯಲ್ಲಿ ಕರೆ ಹೋಗುತ್ತದೆಯೇ ಎಂದು ನೋಡಿ ಒಪ್ಪಿಕೊಳ್ಳುವ ಅವಕಾಶ ನಮಗೂ ಇರಬೇಕಿತ್ತು. ಕಾಫಿ ಮಾರುವಾಗ ನಮ್ಮ ಚೀಲದಿಂದ ಸ್ಯಾಂಪಲ್ ತೆಗೆದು ತೇವಾಂಶ ಅಳೆಯದೆ ಯಾವ ವ್ಯಾಪಾರಿಯೂ ಹಣ ಎಣಿಸುವುದಿಲ್ಲ.

ನಾಪೋಕ್ಲು, ಭಾಗಮಂಡಲ ಕಡೆಯವರು ಯಾವುದೇ ಕಂಪನಿಗೆ ಪೋರ್ಟ್ ಆಗುವ ಮೊದಲು ಅದೇ ಕಂಪನಿಯ ಅಗ್ಗದ ಪ್ರೀಪೇಯ್ಡ್ ಸಿಮ್ ಹಾಕಿ, ಮನೆಯ ಪ್ರತಿ ಕೋಣೆಯಿಂದಲೂ ಕರೆ ಮಾಡಿ ನೋಡಿ, ಕರೆಂಟ್ ಹೋದಾಗಲೂ. ಬ್ಯಾಂಕಿಗೆ ಕೊಟ್ಟಿರುವ, ಹೋಮ್‌ಸ್ಟೇಯ ಬೋರ್ಡಿನ ಮೇಲೆ ಬರೆಸಿರುವ ನಂಬರ್ ಒಮ್ಮೆ ಪೋರ್ಟ್ ಆದರೆ, ಆ 90 ದಿನ ಆಗ ನಿಜವಾಗಿಯೂ ಅನ್ವಯಿಸುತ್ತದೆ.