ಹೊಳೆಬಯಲಿನ ಬಿಲ್ಲುಬೇಟೆಗೆ ಪುಣೆಯಲ್ಲಿ ಕುಳಿತು ನಕ್ಷೆ ಓದಿದ್ದು: ಬೇಟೆಗಾರರ ಆ್ಯಪ್ ಒಂದರ ವಿಮರ್ಶೆ

ಕಳೆದ ವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ, ಕೋಥ್ರೂಡಿನ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ಏಳು ಗಂಟೆಗೆ ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಆ ಹೊತ್ತಿಗೆ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಬೆಳಗಿನ ಎಂಟೂವರೆ. ಅಲ್ಲಿರುವ ನನ್ನ ಸೋದರಮಾವನ ಹಿರಿಯ ಮಗ, ನಾವೆಲ್ಲರೂ ಅಣ್ಣ ಎಂದು ಕರೆಯುವವರು, ಹಲವು ವರ್ಷಗಳಿಂದ ಬಿಲ್ಲಿನಿಂದ ಜಿಂಕೆಬೇಟೆ ಆಡುತ್ತಿದ್ದಾರೆ. ನವೆಂಬರ್ ಮೊದಲ ವಾರದಲ್ಲಿ ನಾನೂ ಅವರ ಜೊತೆಗೆ ಹೋಗುವುದೆಂದು ನಿಶ್ಚಯವಾದ ಮೇಲೆ, ಇಬ್ಬರೂ ಒಂದೇ ನಕ್ಷೆಯನ್ನು ಎದುರಿಗಿಟ್ಟುಕೊಂಡು ಮಿಸೌರಿ ನದಿಯ ದಂಡೆಯ ಸಾರ್ವಜನಿಕ ಬಯಲನ್ನು ಇಂಚಿಂಚಾಗಿ ನೋಡಿದೆವು. ನಾವು ಬಳಸಿದ್ದು ವರ್ಷದ ಚಂದಾ ಕಟ್ಟಿ ಪಡೆಯುವ, ಬೇಟೆಗಾರರಿಗೆಂದೇ ಮಾಡಿದ ಒಂದು ನಕ್ಷೆ ಆ್ಯಪ್. ಈ ಬಗೆಯ ಆ್ಯಪ್‌ಗಳು ಹಲವಿದ್ದು ಅವುಗಳ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಹೆಸರು ಹೇಳದೆ, ಅದು ಯಾವ ಕೆಲಸಕ್ಕೆ ಒದಗಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಬರೆಯುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಬೇಕು. ನಮ್ಮ ದೇಶದಲ್ಲಿ ಜಿಂಕೆಯ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಅದು ಅಪರಾಧವಾಗಿಯೇ ಉಳಿಯಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಮಿಸೌರಿಯ ಕಥೆ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಲ್ಲಿಯೂ ಬಿಳಿಬಾಲದ ಜಿಂಕೆ ಕೆಲವೇ ನೂರರ ಸಂಖ್ಯೆಗೆ ಇಳಿದಿತ್ತು. ಬೇಟೆಯನ್ನು ನಿಲ್ಲಿಸಿ, ಹಿಂಡುಗಳನ್ನು ಬೆಳೆಸಿ, 1944ರಲ್ಲಿ ಮತ್ತೆ ಪರವಾನಗಿಯ ಮೇಲೆ ಬೇಟೆಗೆ ಅವಕಾಶ ಕೊಟ್ಟರು. ಇಂದು ಅಲ್ಲಿ ಜಿಂಕೆ ಹೇರಳವಾಗಿದೆ. ಪರವಾನಗಿಯ ಹಣ ಕಾಡು ಮತ್ತು ಹೊಳೆಬಯಲುಗಳ ಪಾಲನೆಗೆ ಹೋಗುತ್ತದೆ. ಬಿಲ್ಲಿನ ಬೇಟೆ ಸೆಪ್ಟೆಂಬರ್ 15ರಂದು ಆರಂಭವಾಗಿ, ನವೆಂಬರ್ ಮಧ್ಯದಲ್ಲಿ ಕೋವಿಯವರ ದಿನಗಳಿಗಾಗಿ ನಿಂತು, ಮತ್ತೆ ಜನವರಿ 15ರವರೆಗೆ ನಡೆಯುತ್ತದೆ. ಗಂಡು ಜಿಂಕೆಗಳು ಹೆಣ್ಣುಗಳನ್ನು ಅರಸುತ್ತ ಹಗಲಿನಲ್ಲಿಯೂ ಓಡಾಡುವುದು ನವೆಂಬರ್ ಮೊದಲ ಎರಡು ವಾರಗಳಲ್ಲಿ. ನಾವು ಆ ದಿನಗಳನ್ನೇ ಆಯ್ದುಕೊಂಡೆವು.

ಆ್ಯಪ್‌ನ ಅತ್ಯುತ್ತಮ ಗುಣ ಅದರ ಗಡಿರೇಖೆ. ಕರ್ನಾಟಕದವರು ದಿಶಾಂಕ್ ಆ್ಯಪ್ ಬಳಸಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ನಿಂತ ಜಾಗದ ಸರ್ವೆ ನಂಬರನ್ನು ಅದು ಹೇಗೆ ತೋರಿಸುತ್ತದೆಯೋ ಹಾಗೆ ಇದು ನಿಮ್ಮ ಕಾಲಕೆಳಗಿನ ಜಮೀನು ಸರ್ಕಾರದ್ದೋ ಖಾಸಗಿಯವರದ್ದೋ, ಖಾಸಗಿಯಾದರೆ ಯಾರ ಹೆಸರಿನಲ್ಲಿದೆ ಎಂಬುದನ್ನು ತೋರಿಸುತ್ತದೆ. ಹೊಳೆಬಯಲಿನಲ್ಲಿ ಇದು ಎಷ್ಟು ಮುಖ್ಯವೆಂಬುದು ಅಲ್ಲಿಗೆ ಹೋಗುವ ಮೊದಲು ನನಗೆ ತಿಳಿದಿರಲಿಲ್ಲ. 1993ರ ಮಹಾನೆರೆಯಲ್ಲಿ ಒಡ್ಡುಗಳು ಒಡೆದು ಹೊಲಗಳೆಲ್ಲ ಮರಳಿನಡಿ ಸೇರಿದಾಗ, ಮಾರಲು ಒಪ್ಪಿದ ರೈತರಿಂದ ಸರ್ಕಾರ ಜಮೀನು ಕೊಂಡು, 1994ರಲ್ಲಿ ಬಿಗ್ ಮಡ್ಡಿ ಎಂಬ ರಾಷ್ಟ್ರೀಯ ಮೀನು ಮತ್ತು ವನ್ಯಜೀವಿ ಆಶ್ರಯಧಾಮವನ್ನು ಸ್ಥಾಪಿಸಿತು. ಕೊಂಡದ್ದು ಒಪ್ಪಿದವರಿಂದ ಮಾತ್ರವಾದ್ದರಿಂದ ಆ ಭೂಮಿ ಕನ್ಸಾಸ್ ಸಿಟಿಯಿಂದ ಸೇಂಟ್ ಲೂಯಿಸ್‌ವರೆಗೆ ನದಿಯುದ್ದಕ್ಕೂ ತುಂಡುತುಂಡಾಗಿ ಹರಡಿದೆ, ನಡುನಡುವೆ ಖಾಸಗಿ ಜೋಳ ಮತ್ತು ಸೋಯಾ ಹೊಲಗಳಿವೆ. ಕಣ್ಣಿಗೆ ಇಡೀ ಬಯಲು ಒಂದೇ ತೆರನಾಗಿ ಕಾಣುತ್ತದೆ, ಬೇಲಿಯೂ ಎಲ್ಲೆಡೆ ಇರುವುದಿಲ್ಲ.

ಬಿಲ್ಲಿನವರಿಗೆ ಗಡಿಯ ವಿಷಯ ಇನ್ನೂ ಸೂಕ್ಷ್ಮ. ಬಾಣ ತಗುಲಿದ ಜಿಂಕೆ ನಿಂತಲ್ಲೇ ಬೀಳುವುದು ಅಪರೂಪ. ಎದೆಗೂಡಿನಲ್ಲಿ ಸರಿಯಾಗಿ ನಾಟಿದರೂ ನೂರು ಗಜ ಓಡಬಹುದು, ಮತ್ತು ಆ ನೂರು ಗಜದಲ್ಲಿ ಅದು ಮತ್ತೊಬ್ಬರ ಹೊಲಕ್ಕೆ ದಾಟಿದರೆ, ಒಡೆಯರ ಅನುಮತಿಯಿಲ್ಲದೆ ಹಿಂಬಾಲಿಸುವಂತಿಲ್ಲ. ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಬಿಡುವುದಕ್ಕಿಂತ ದೊಡ್ಡ ತಪ್ಪು ಬೇಟೆಯಲ್ಲಿಲ್ಲ. ಆದ್ದರಿಂದ ನಾವು ಗುರುತಿಸಿದ ಪ್ರತಿ ಜಾಗದಿಂದಲೂ ಖಾಸಗಿ ಗಡಿಗೆ ಎಷ್ಟು ದೂರ ಎಂಬುದನ್ನು ಆ್ಯಪ್‌ನ ಅಳತೆಪಟ್ಟಿಯಿಂದ ಅಳೆದು, ಇನ್ನೂರು ಗಜಕ್ಕಿಂತ ಕಡಿಮೆ ಇದ್ದುದನ್ನೆಲ್ಲ ಕೈಬಿಟ್ಟೆವು. ರೇಖೆ ಅಲ್ಲಲ್ಲಿ ಕೆಲವು ಮೀಟರ್ ಸರಿದಿರುತ್ತದೆ ಎಂಬುದನ್ನೂ ನೆನಪಿಡಬೇಕು. ಅದು ದಾಖಲೆಯಿಂದ ಎತ್ತಿದ ಗೆರೆಯೇ ಹೊರತು ನೆಲದ ಮೇಲೆ ನೆಟ್ಟ ಕಲ್ಲಲ್ಲ.

ಇನ್ನು ಕೊರತೆಯ ವಿಷಯಕ್ಕೆ ಬರುತ್ತೇನೆ. ಹೊಳೆಬಯಲನ್ನು ಆಳುವುದು ನೀರು, ಮತ್ತು ನೀರನ್ನು ಓದಲು ಈ ಆ್ಯಪ್ ನೆರವಾಗುವುದು ಬಹಳ ಕಡಿಮೆ. ಅದರ ಎತ್ತರದ ಗೆರೆಗಳು ಬೆಟ್ಟಗುಡ್ಡಗಳಿಗೆ ಒಪ್ಪುತ್ತವೆ. ಹತ್ತು ಅಡಿಗೊಂದು ಗೆರೆಯಿದ್ದರೆ, ಮೂರು ಮೈಲಿ ಅಗಲದ ಚಪ್ಪಟೆ ಬಯಲಿನಲ್ಲಿ ಒಂದು ಗೆರೆಯೂ ಬೀಳದೆ ಹೋಗಬಹುದು. ಆದರೆ ಜಿಂಕೆ ಮಲಗುವುದು, ನಡೆಯುವುದು ಎರಡು ಮೂರು ಅಡಿ ಎತ್ತರದ ದಿಬ್ಬಗಳ ಮೇಲೆ. ಹಳೆಯ ಪ್ರವಾಹಗಳು ಮೆಕ್ಕಲು ಸುರಿದು ಮಾಡಿದ ಉದ್ದನೆಯ ಏರಿಗಳು, ಅವುಗಳ ನಡುವೆ ನೀರು ನಿಲ್ಲುವ ತಗ್ಗುಗಳು, ನದಿ ಬಿಟ್ಟುಹೋದ ಹಳೆಯ ಪಾತ್ರದ ಬಿಲ್ಲಿನಾಕಾರದ ಕೆರೆಗಳು, ಇವೇ ಅಲ್ಲಿನ ಹೆದ್ದಾರಿಗಳು ಮತ್ತು ತಡೆಗೋಡೆಗಳು. ಏರಿಯೊಂದು ಎರಡು ತಗ್ಗುಗಳ ನಡುವೆ ಕಿರಿದಾಗುವ ಜಾಗದಲ್ಲಿ ಜಿಂಕೆ ಇಪ್ಪತ್ತು ಗಜದೊಳಗೆ ಹಾಯಲೇಬೇಕು. ಕೋವಿಯವರಿಗೆ ಇನ್ನೂರು ಗಜದ ಅಂದಾಜು ಸಾಕು. ನಮಗೆ ಬೇಕಾದದ್ದು ಆ ಇಪ್ಪತ್ತು ಗಜ.

ನಾನು ಅಥಣಿ ತಾಲ್ಲೂಕಿನ ಕೃಷ್ಣೆಯ ದಂಡೆಯ ಹಳ್ಳಿಯವನು. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಹಾಪುರಗಳಿಂದ ನಮ್ಮ ಬೆಳಗಾವಿ ಜಿಲ್ಲೆಯವರೆಗೆ ನೆರೆ ಬಂದಾಗ, ನಮ್ಮ ಕಬ್ಬಿನ ಹೊಲದಲ್ಲಿ ಯಾವ ತುಣುಕು ಮೊದಲು ಮುಳುಗಿತು, ಯಾವುದು ಕೊನೆಯವರೆಗೂ ನಡುಗಡ್ಡೆಯಾಗಿ ನಿಂತಿತು ಎಂಬುದನ್ನು ಕಣ್ಣಾರೆ ಕಂಡವನು. ಸಾಮಾನ್ಯ ದಿನಗಳಲ್ಲಿ ಆ ಎರಡು ತುಣುಕುಗಳ ನಡುವೆ ಯಾವ ವ್ಯತ್ಯಾಸವೂ ಕಾಣದು, ಎತ್ತಿನ ಗಾಡಿ ಹೊಡೆಯುವವನಿಗೆ ಮಾತ್ರ ಗೊತ್ತಾಗುತ್ತದೆ. ಆ್ಯಪ್‌ನ ನಕ್ಷೆಯಲ್ಲಿ ಮಿಸೌರಿಯ ಬಯಲು ಸಪಾಟಾಗಿ ಕಂಡಾಗ ನನಗೆ ಮೊದಲು ಅನುಮಾನ ಬಂದದ್ದು ಇದೇ ಕಾರಣಕ್ಕೆ. ನಾನು ಒಂದು ಕಡೆ ಕಂದು ಬಣ್ಣದ ಪಟ್ಟಿಯನ್ನು ಕಾಡುದಾರಿಯೆಂದು ಗುರುತು ಹಾಕಿದಾಗ ಅಣ್ಣ ನೋಡಿ, "ತಮ್ಮಾ, ಅದು ದಾರಿ ಅಲ್ಲೋ, ನೀರು ಹರಿಯೋ ಹಳ್ಳ" ಎಂದರು. ಕೊನೆಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಉಚಿತವಾಗಿ ಕೊಡುವ ಲೈಡಾರ್ ನಕ್ಷೆಯನ್ನು ತೆರೆದೆವು. ವಿಮಾನದಿಂದ ಲೇಸರ್ ಕಿರಣ ಬಿಟ್ಟು, ಮರಗಿಡಗಳನ್ನು ಕಳೆದು, ಬರಿಯ ನೆಲದ ಏರುತಗ್ಗುಗಳನ್ನು ತೋರಿಸುವ ನಕ್ಷೆ ಅದು. ಅದರಲ್ಲಿ ಇಡೀ ಬಯಲು ಉಳುಮೆಯ ಸಾಲಿನಂತೆ ಬರೆಬರೆಯಾಗಿ ಎದ್ದು ಕಂಡಿತು. ದುಡ್ಡು ಕೊಟ್ಟು ಪಡೆದದ್ದು ಗಡಿ ತೋರಿಸಿತು, ಉಚಿತವಾಗಿ ಸಿಕ್ಕಿದ್ದು ಜಿಂಕೆಯ ದಾರಿ ತೋರಿಸಿತು.

ನದಿಯ ಮಟ್ಟವನ್ನೂ ಹೀಗೆಯೇ ಹೊರಗಿನಿಂದ ತಿಳಿಯಬೇಕಾಯಿತು. ಬೂನ್‌ವಿಲ್ ಊರಿನ ಮಾಪಕದಲ್ಲಿ 21 ಅಡಿಗೆ ನೆರೆಯ ಮಟ್ಟ ಆರಂಭ. 1993ರಲ್ಲಿ ಅದು 37 ಅಡಿ ದಾಟಿತ್ತು. ಜುಲೈನಿಂದ ನಾವು ದಿನವೂ ಆ ಅಂಕಿ ಬರೆದಿಟ್ಟುಕೊಂಡು, ಅಣ್ಣ ಸ್ಥಳಕ್ಕೆ ಹೋದಾಗಲೆಲ್ಲ ಯಾವ ಅಂಕಿಗೆ ಯಾವ ತಗ್ಗು ತುಂಬಿರುತ್ತದೆ ಎಂಬುದನ್ನು ಟಿಪ್ಪಣಿ ಮಾಡಿಕೊಂಡೆವು. ಆ್ಯಪ್‌ನಲ್ಲಿ ಈ ಎರಡನ್ನು ಜೋಡಿಸುವ ಸೌಲಭ್ಯ ಇದ್ದಿದ್ದರೆ ನಾನು ಇಮ್ಮಡಿ ಚಂದಾ ಕೊಡಲೂ ಸಿದ್ಧನಿದ್ದೆ.

ಉಪಗ್ರಹದ ಚಿತ್ರ ಯಾವಾಗ ತೆಗೆದದ್ದು ಎಂಬುದನ್ನು ನೋಡಿಕೊಳ್ಳದೆ ನಾವು ಒಂದು ಇಡೀ ದಿನ ಕಳೆದುಕೊಂಡೆವು. ಚಿತ್ರದಲ್ಲಿ ವಿಲೋ ಗಿಡಗಳ ದಟ್ಟ ಪೊದೆಯಾಗಿ ಕಂಡ ಜಾಗ, ಹೋಗಿ ನೋಡಿದರೆ ಸೊಂಟದೆತ್ತರದ ಕೆಸರಿನ ಮೇಲೆ ಒಣಗಿ ನಿಂತ ಕಡ್ಡಿಗಳ ರಾಶಿಯಾಗಿತ್ತು. ಪ್ರವಾಹ ಬಂದುಹೋಗುವ ನೆಲದಲ್ಲಿ ಎರಡು ವರ್ಷದ ಹಿಂದಿನ ಚಿತ್ರ ಹಳೆಯ ಪಂಚಾಂಗವಿದ್ದಂತೆ.

ಗಾಳಿಯ ವಿಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಮೋಸಹೋಗುವುದು ಇಲ್ಲಿಯೇ. ಪ್ರತಿ ಗಂಟೆಯ ಗಾಳಿಯ ದಿಕ್ಕನ್ನು ಆ್ಯಪ್ ಬಾಣದ ಗುರುತಿನಿಂದ ತೋರಿಸುತ್ತದೆ, ಕಾದು ಕೂರಲು ಮರಕ್ಕೆ ಕಟ್ಟುವ ಅಟ್ಟಣೆಯ ಜಾಗವನ್ನು ಗುರುತಿಸಿದರೆ ನಮ್ಮ ವಾಸನೆ ಯಾವ ಕಡೆಗೆ ಹರಡುತ್ತದೆ ಎಂಬ ಬೀಸಣಿಗೆಯಾಕಾರವನ್ನೂ ಬಿಡಿಸುತ್ತದೆ. ಮಧ್ಯಾಹ್ನ ಮೂರರವರೆಗೆ ಅದು ಸರಿಯಾಗಿಯೇ ಇತ್ತು. ಆದರೆ ಸಂಜೆ ನೆಲ ತಣ್ಣಗಾಗುತ್ತಿದ್ದಂತೆ, ಬೀಸುಗಾಳಿ ಬಿದ್ದುಹೋಗಿ, ಭಾರವಾದ ತಂಗಾಳಿ ಎತ್ತರದಿಂದ ತಗ್ಗಿಗೆ, ತಗ್ಗಿನಿಂದ ನೀರಿನ ಕಡೆಗೆ ಜಾರತೊಡಗುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಮತ್ತೆ ಮೇಲಕ್ಕೆ ಏಳುತ್ತದೆ. ಮೊದಲ ಸಂಜೆ ವಾಯವ್ಯದ ಗಾಳಿಯನ್ನು ನಂಬಿ ನಾವು ಹಳೆಯ ಪಾತ್ರದ ಅಂಚಿನಲ್ಲಿ ಕುಳಿತಿದ್ದೆವು. ಬೆಳಕು ಮಸುಕಾಗುವ ಹೊತ್ತಿಗೆ ನಮ್ಮ ವಾಸನೆ ನೇರವಾಗಿ ಕೆಳಗಿನ ತಗ್ಗಿಗೆ ಇಳಿಯಿತು, ಅಲ್ಲಿಂದ ಬರುತ್ತಿದ್ದ ಮೂರು ಜಿಂಕೆಗಳು ಸೀನಿದಂತೆ ಸದ್ದು ಮಾಡಿ ಬಿಳಿಬಾಲವನ್ನು ಎತ್ತಿ ಹಾರಿಹೋದವು. ಆ ಮೇಲೆ ಸಂಜೆಗಳಲ್ಲಿ ನೀರು ನಮ್ಮ ಬೆನ್ನಹಿಂದೆ, ಜಿಂಕೆಯ ದಾರಿ ಮುಂದೆ ಇರುವಂತೆ ಜಾಗ ಬದಲಾಯಿಸಿದೆವು.

ನೆಟ್‌ವರ್ಕ್ ಇಲ್ಲದೆಡೆ ಬಳಸಲು ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಸೌಲಭ್ಯ ಲೋಪವಿಲ್ಲದೆ ನಡೆಯಿತು. ಮುಂಜಾನೆ ನಾಲ್ಕೂವರೆಯ ಕತ್ತಲಲ್ಲಿ ದೋಣಿಯಿಂದ ಇಳಿದು, ಕಾಟನ್‌ವುಡ್ ಮರಗಳ ನಡುವೆ ಇನ್ನೂರು ಗಜ ನಡೆದು ಗುರುತಿಸಿದ ಮರದ ಬುಡಕ್ಕೆ ತಲುಪಿದ್ದು ಅದರಿಂದಲೇ. ದೋಣಿಯ ದಾರಿಯನ್ನು ಸೂಚಿಸಿದ್ದೂ ಪುಣೆಯಲ್ಲಿ ಕುಳಿತ ನಾನೇ ಎಂಬುದು ನನಗೆ ಸಂತೋಷದ ವಿಷಯ. ವಾಹನ ನಿಲ್ಲಿಸುವ ಜಾಗದಿಂದ ಎಲ್ಲರೂ ನಡೆಯುವ ದೂರವನ್ನು ಅಳೆದು, ಯಾರೂ ತಲುಪದ ತುದಿಗೆ ನೀರಿನಿಂದ ಹೋಗುವುದೇ ಹತ್ತಿರ ಎಂಬುದನ್ನು ನಕ್ಷೆಯೇ ಹೇಳಿತು. ಇಬ್ಬರೂ ಹಾಕಿದ ಗುರುತುಗಳು ಪರಸ್ಪರರಿಗೆ ಒಡನೆಯೇ ಕಾಣುತ್ತಿದ್ದುದು, ಇಷ್ಟು ದೂರದಿಂದ ಯೋಜನೆ ಮಾಡುವವರಿಗೆ ಬಹಳ ದೊಡ್ಡ ಅನುಕೂಲ.

ಆದರೆ ನಿಯಮಗಳಿಗಾಗಿ ಆ್ಯಪ್ ಅನ್ನು ನೆಚ್ಚಬೇಡಿ. ಸಾರ್ವಜನಿಕ ಭೂಮಿಯನ್ನೆಲ್ಲ ಒಂದೇ ಬಗೆಯಲ್ಲಿ ಬಣ್ಣ ಹಚ್ಚಿ ತೋರಿಸಿದರೂ, ಕೇಂದ್ರದ ಆಶ್ರಯಧಾಮದ ನಿಯಮ ಬೇರೆ, ರಾಜ್ಯದ ಸಂರಕ್ಷಣಾ ಪ್ರದೇಶದ ನಿಯಮ ಬೇರೆ. ಕೆಲವು ಭಾಗಗಳನ್ನು ಚಳಿಗಾಲದ ಬಾತುಗಳಿಗಾಗಿ ಮುಚ್ಚಿರುತ್ತಾರೆ. ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಆದ್ದರಿಂದ ಅಟ್ಟಣೆ ಪಟ್ಟಿಯಿಂದ ಬಿಗಿಯುವಂಥದ್ದೇ ಆಗಿರಬೇಕು. ಹೊಡೆದ ಜಿಂಕೆಯನ್ನು ಅದೇ ದಿನ ರಾತ್ರಿ ಹತ್ತರೊಳಗೆ ಇಲಾಖೆಗೆ ವರದಿ ಮಾಡಬೇಕು. ಜಿಂಕೆಗಳ ಮಿದುಳಿಗೆ ತಗಲುವ ಕ್ಷಯಕಾರಿ ರೋಗವೊಂದು ಮಿಸೌರಿಯಲ್ಲಿಯೂ ಇರುವುದರಿಂದ, ಕಳೇಬರವನ್ನು ಎಲ್ಲಿಂದ ಎಲ್ಲಿಗೆ ಸಾಗಿಸಬಹುದು ಎಂಬುದಕ್ಕೂ ಕಟ್ಟುಪಾಡುಗಳಿವೆ. ಇವನ್ನೆಲ್ಲ ನಾವು ರಾಜ್ಯದ ಸಂರಕ್ಷಣಾ ಇಲಾಖೆಯ ಕೈಪಿಡಿಯಿಂದಲೇ ಓದಿಕೊಂಡೆವು.

ಬಿಲ್ಲಿನ ಅಭ್ಯಾಸವನ್ನು ನಾನು ಪುಣೆಯ ಹೊರವಲಯದ ಮೈದಾನವೊಂದರಲ್ಲಿ ಮಾಡಿದೆ. ಸಾತಾರಾದ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು ರಾಟೆಗಳುಳ್ಳ ಕಾಂಪೌಂಡ್ ಬಿಲ್ಲಿನಲ್ಲಿ. ಆ ಬಿಲ್ಲನ್ನು 1960ರ ದಶಕದಲ್ಲಿ ರೂಪಿಸಿದ ಹಾಲೆಸ್ ವಿಲ್ಬರ್ ಆ್ಯಲನ್ ಮಿಸೌರಿಯವರು. ಮೈದಾನದಲ್ಲಿ 50 ಮೀಟರಿನ ಗುರಿಗೆ ಬಿಡುವ ಅಭ್ಯಾಸ ಕೈಯನ್ನು ಸ್ಥಿರಗೊಳಿಸುತ್ತದೆ, ಆದರೆ ಮರದ ಮೇಲಿಂದ ಕೆಳಕ್ಕೆ, ಸೊಂಟದಿಂದ ಬಾಗಿ ಬಿಡುವುದನ್ನು ಬೇರೆಯಾಗಿ ಕಲಿಯಬೇಕು.

ಆರನೆಯ ಸಂಜೆ, ಲೈಡಾರ್‌ನಲ್ಲಿ ಗುರುತಿಸಿದ ಏರಿಯ ಇಕ್ಕಟ್ಟಿನಲ್ಲಿ, ಒಂದು ಹೆಣ್ಣು ಜಿಂಕೆ ಹದಿನೆಂಟು ಗಜದಲ್ಲಿ ಅಡ್ಡ ನಿಂತಿತು. ಬಾಣ ಭುಜದ ಹಿಂದೆ ನಾಟಿತು. ಅರ್ಧ ಗಂಟೆ ಕಾದು ಇಳಿದು, ರಕ್ತದ ಜಾಡು ಹಿಡಿದು ಹೋದಾಗ ಎಪ್ಪತ್ತು ಗಜದಲ್ಲಿ ಸಿಕ್ಕಿತು, ಖಾಸಗಿ ಗಡಿಯಿಂದ ಸಾಕಷ್ಟು ಒಳಗೆ. ಅದರ ಪಕ್ಕದಲ್ಲಿ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಿಲ್ಲದೆ ಕುಳಿತಿದ್ದೆವು. ರೋಗಪರೀಕ್ಷೆಗೆ ಮಾದರಿ ಕೊಟ್ಟು, ಫಲಿತಾಂಶ ಬಂದ ಮೇಲೆ ಮಾಂಸ ಅಣ್ಣನ ಮನೆಯ ಅಡುಗೆಗೆ ಹೋಯಿತು. ಭಾರತಕ್ಕೆ ನಾನು ಏನನ್ನೂ ತರಲಿಲ್ಲ.

ಪುಣೆಯಿಂದ ಚಂದಾ ಕಟ್ಟುವುದು ತೊಡಕಿನ ಕೆಲಸ. ನನ್ನ ಫೋನಿನ ಸ್ಟೋರ್‌ನಲ್ಲಿ ಆ್ಯಪ್ ಕಾಣಿಸಲೇ ಇಲ್ಲ, ಇಲ್ಲಿನ ಕಾರ್ಡನ್ನು ಎರಡು ಬಾರಿ ತಿರಸ್ಕರಿಸಿತು. ಕೊನೆಗೆ ಅಣ್ಣನ ಖಾತೆಯಿಂದ ಕಟ್ಟಿಸಿ, ನಾನು ಬ್ರೌಸರ್‌ನಲ್ಲಿ ನೋಡಿದೆ. ನೀವು ಹೋಗುವುದು ಒಂದೇ ರಾಜ್ಯಕ್ಕಾದರೆ ಒಂದು ರಾಜ್ಯದ ಚಂದಾ ಸಾಕು, ಎಲ್ಲ ರಾಜ್ಯಗಳದ್ದಕ್ಕೆ ಹಣ ಹಾಕಬೇಡಿ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಲೈಡಾರ್ ಒಂದು ಕಡೆ, ಇದು ಮತ್ತೊಂದು ಕಡೆ ತೆರೆದಿಟ್ಟುಕೊಂಡು ನೋಡಿ. ಈ ಸಲದ ಯೋಜನೆಗೂ ಇದನ್ನೇ ಮುಂದುವರಿಸಿದ್ದೇವೆ. ಜುಲೈನಿಂದ ಬೂನ್‌ವಿಲ್ ಮಾಪಕದ ಅಂಕಿಗಳನ್ನು ಮತ್ತೆ ಬರೆದಿಡುತ್ತಿದ್ದೇನೆ.