ಹನ್ನೆರಡು ವರ್ಷ ಕೇಳಿದ ಮೇಲೆ: ಲೂಸಿಂಡಾ ವಿಲಿಯಮ್ಸ್ ಅವರ ‘ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್’

ಅಮೆರಿಕದ ಹಾಡುಗಾರ್ತಿ ಲೂಸಿಂಡಾ ವಿಲಿಯಮ್ಸ್ ಅವರ ಈ ಸಿಡಿಯನ್ನು 2013ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್ನಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಕೆಲಸಕ್ಕೆಂದು ಊರು ಬಿಟ್ಟು ಬಂದು ಆಗ ಒಂದು ವರ್ಷವಾಗಿತ್ತು. ಕಂಟ್ರಿ ಸಂಗೀತ ಅಂದರೆ ಟೋಪಿ, ಕುದುರೆ, ಟ್ರಕ್ಕು ಅಷ್ಟೇ ಅಂದುಕೊಂಡಿದ್ದೆ. ಮೊದಲ ಸಲ ದನಿಯೇ ಹಿಡಿಸಲಿಲ್ಲ. ಎಳೆದೆಳೆದು, ತುಸು ಒಡೆದು, ಈಗಷ್ಟೇ ಅತ್ತು ಮುಗಿಸಿದವರು ಮಾತಾಡಿದ ಹಾಗಿತ್ತು. ಎರಡು ವಾರ ಕಾರಿನಲ್ಲಿ ಸುಮ್ನೆ ಬಿದ್ದಿತ್ತು. ಒಂದು ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಮತ್ತೆ ಹಾಕಿದೆ. ಅವತ್ತಿನಿಂದ ಅದು ಕಾರಿನಿಂದ ಇಳಿದಿಲ್ಲ.

ಆಲ್ಬಂ ಬಂದಿದ್ದು 1998ರ ಜೂನ್‌ನಲ್ಲಿ. ಹದಿಮೂರು ಹಾಡು, ಐವತ್ತು ನಿಮಿಷದ ಮೇಲೆ ಒಂದಿಷ್ಟು. ಹೆಸರಿನ ಅರ್ಥ ಜಲ್ಲಿ ರಸ್ತೆಯ ಮೇಲೆ ಕಾರಿನ ಚಕ್ರಗಳು. ಆ ಹೆಸರಿನ ಹಾಡಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ಕೈದು ವರ್ಷದ ಒಂದು ಮಗು ಕೂತಿದೆ. ಅಡುಗೆಮನೆಯ ವಾಸನೆ, ರೇಡಿಯೋ, ದೊಡ್ಡವರ ಸಿಟ್ಟಿನ ಮಾತು, ಮತ್ತೆ ಹೊರಡುವ ಗಡಿಬಿಡಿ. ಮಗು ಏನೂ ಹೇಳುವುದಿಲ್ಲ, ಕಿಟಕಿಯಿಂದ ನೋಡುತ್ತದೆ. ಮನೆಯಲ್ಲಿ ಏನಾಯಿತು ಅಂತ ಹಾಡೂ ಹೇಳುವುದಿಲ್ಲ. ನನಗೆ ಅದು ಅರ್ಥವಾಗಲು ಎರಡು ವರ್ಷ ಬೇಕಾಯಿತು, ಅದೂ ನನ್ನ ಮಗಳು ಹಿಂದಿನ ಸೀಟಿಗೆ ಬಂದ ಮೇಲೆ.

ಲೂಸಿಂಡಾ ಅವರ ತಂದೆ ಮಿಲ್ಲರ್ ವಿಲಿಯಮ್ಸ್ ಹೆಸರಾಂತ ಕವಿ. 1997ರಲ್ಲಿ ಕ್ಲಿಂಟನ್ ಎರಡನೇ ಸಲ ಅಧ್ಯಕ್ಷರಾದಾಗ ಆ ಸಮಾರಂಭದಲ್ಲಿ ಕವಿತೆ ಓದಿದವರು. ಮೇಷ್ಟ್ರ ಕೆಲಸಕ್ಕಾಗಿ ಊರಿಂದ ಊರಿಗೆ ಮನೆ ಬದಲಿಸುತ್ತಿದ್ದರು. ನ್ಯಾಶ್‌ವಿಲ್‌ನಲ್ಲಿ ಈ ಹಾಡನ್ನು ಮೊದಲ ಸಲ ಕೇಳಿದಾಗ ಅವರು ಮಗಳ ಹತ್ತಿರ ಬಂದು ಕ್ಷಮೆ ಕೇಳಿದರಂತೆ. ಆ ಮಗು ತಾನೇ ಅನ್ನುವುದು ಲೂಸಿಂಡಾಗೆ ಹೊಳೆದಿದ್ದೇ ಆಗ. ಈ ವಿಷಯ ತಿಳಿದ ದಿನ ನಾನು ಆ ಹಾಡನ್ನು ಮೂರು ಸಲ ಕೇಳಿದೆ.

ಹಿಂದಿನ ಆಲ್ಬಂ ಬಂದು ಆರು ವರ್ಷವಾದ ಮೇಲೆ ಇದು ಬಂತು. ಮೊದಲು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಬಹುಕಾಲದ ಜೊತೆಗಾರ ಗುರ್ಫ್ ಮಾರ್ಲಿಕ್ಸ್ ಜೊತೆ ರೆಕಾರ್ಡ್ ಮಾಡಿದರು. ಮನಸ್ಸಿಗೆ ಬರಲಿಲ್ಲ. ನ್ಯಾಶ್‌ವಿಲ್‌ನಲ್ಲಿ ಹಾಡುಗಾರ ಸ್ಟೀವ್ ಅರ್ಲ್ ಮತ್ತು ನಿರ್ಮಾಪಕ ರೇ ಕೆನಡಿ ಜೊತೆ ಮತ್ತೆ ಮಾಡಿದರು. ಕೊನೆಗೆ ಕೀಬೋರ್ಡ್ ವಾದಕ ರಾಯ್ ಬಿಟ್ಟನ್ ಜೊತೆ ಲಾಸ್ ಏಂಜಲಿಸ್‌ನಲ್ಲಿ ಮುಗಿಸಿದರು. ಆ ಹೊತ್ತಿಗೆ ಹಳೆಯ ಜೊತೆಗಾರನ ಸ್ನೇಹವೂ ಮುರಿದಿತ್ತು. ಪತ್ರಿಕೆಗಳು ಅವರನ್ನು ಹಟಮಾರಿ, ಯಾವುದಕ್ಕೂ ತೃಪ್ತಿಯಿಲ್ಲದವಳು ಅಂತ ಬರೆದವು. ಇದು ಅನ್ಯಾಯ. ಇದೇ ಕೆಲಸವನ್ನು ಗಂಡಸು ಮಾಡಿದ್ದರೆ ಕಲೆಯ ಶ್ರದ್ಧೆ ಅನ್ನುತ್ತಿದ್ದರು, ಅಲ್ವಾ? ಈಗ ಕೇಳಿದರೆ ಆ ಒದ್ದಾಟದ ಸದ್ದೇ ಇಲ್ಲ. ಒಂದೇ ಸಂಜೆ ಕೂತು ಹಾಡಿದಂತಿದೆ.

ನನ್ನ ಮೆಚ್ಚಿನ ಹಾಡು ‘ಲೇಕ್ ಚಾರ್ಲ್ಸ್’. ಅದು ಅವರ ತೀರಿಕೊಂಡ ಹಳೆಯ ಗೆಳೆಯನ ಬಗ್ಗೆ. ಅವನು ಹುಟ್ಟಿದ್ದು ಪೂರ್ವ ಟೆಕ್ಸಸ್‌ನ ನಾಕೊಡೋಚಸ್‌ನಲ್ಲಿ. ಆದರೆ ಎಲ್ಲರ ಹತ್ತಿರ ತನ್ನೂರು ಲೂಸಿಯಾನದ ಲೇಕ್ ಚಾರ್ಲ್ಸ್ ಅನ್ನುತ್ತಿದ್ದ. ಲೂಸಿಂಡಾ ಹುಟ್ಟಿದ ಊರೂ ಅದೇ. ನಮ್ಮಪ್ಪ ಹುಟ್ಟಿದ್ದು ಹೊಸಪೇಟೆಯಲ್ಲಿ, ಯಾರು ಕೇಳಿದರೂ ‘ನಮ್ಮೂರು ಶಿರಸಿ’ ಅನ್ನುತ್ತಿದ್ದರು. ಊರು ಅಂದರೆ ಹುಟ್ಟಿದ ಜಾಗ ಅಲ್ಲ, ಮನಸ್ಸು ನಿಂತ ಜಾಗ ಅಂತ ಅಪ್ಪ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಈ ಹಾಡೂ ಹೇಳುವುದಿಲ್ಲ. ಎರಡು ಊರಿನ ಹೆಸರು ಹೇಳಿ ಮುಂದೆ ಹೋಗುತ್ತದೆ. ಹ್ಯೂಸ್ಟನ್ನಿನಿಂದ ಲೇಕ್ ಚಾರ್ಲ್ಸ್ ಎರಡೂವರೆ ಗಂಟೆಯೊಳಗಿನ ದಾರಿ. ಅಪ್ಪ ತೀರಿಕೊಂಡ ವರ್ಷ ನಾನೊಬ್ಬನೇ ಅಲ್ಲಿಯವರೆಗೆ ಹೋಗಿ, ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ.

‘ಡ್ರಂಕನ್ ಏಂಜೆಲ್’ ಕೂಡ ಸತ್ತವರ ಹಾಡೇ. ಆಸ್ಟಿನ್‌ನ ಹಾಡುಗಾರ ಬ್ಲೇಜ್ ಫೋಲಿ 1989ರಲ್ಲಿ ಗುಂಡೇಟಿಗೆ ಬಲಿಯಾದ. ಅವನ ಶೂಗೆ ಸುತ್ತಿದ್ದ ಟೇಪು ಕೂಡ ಹಾಡಿನಲ್ಲಿದೆ. ಪ್ರೀತಿ, ಸಿಟ್ಟು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ‘ಗ್ರೀನ್‌ವಿಲ್’ನಲ್ಲಿ ಹಾಡುಗಾರ್ತಿ ಎಮಿಲೂ ಹ್ಯಾರಿಸ್ ದನಿ ಸೇರಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಜನ ಹೇಗೆ ತಗೊಂಡರು? ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ವಿಮರ್ಶಕರ ಮತ ಕೂಡಿಸಿ ಮಾಡುವ ಪಟ್ಟಿಯಲ್ಲಿ ಇದು 1998ರ ಮೊದಲ ಸ್ಥಾನ ಪಡೆಯಿತು. ಮುಂದಿನ ವರ್ಷ ಗ್ರಾಮಿ ಬಂತು, ಆದರೆ ಕಂಟ್ರಿಗೆ ಅಲ್ಲ, ಸಮಕಾಲೀನ ಫೋಕ್ ವಿಭಾಗದಲ್ಲಿ. ಅಮೆರಿಕದಲ್ಲಿ ಗೋಲ್ಡ್ (ಐದು ಲಕ್ಷ ಪ್ರತಿ) ಕೂಡ ಆಯಿತು. ‘ರೋಲಿಂಗ್ ಸ್ಟೋನ್’ ಪತ್ರಿಕೆ 2020ರಲ್ಲಿ ಮಾಡಿದ ಶ್ರೇಷ್ಠ 500 ಆಲ್ಬಂಗಳ ಪಟ್ಟಿಯಲ್ಲಿ ಇದು 98ನೆಯದು. ಅದೇ ವರ್ಷ ಲೂಸಿಂಡಾಗೆ ಪಾರ್ಶ್ವವಾಯು ಹೊಡೆಯಿತು. ಗಿಟಾರ್ ಬಿಟ್ಟು, ಬರೀ ದನಿಯಿಂದ ಮತ್ತೆ ವೇದಿಕೆ ಹತ್ತಿದರು.

ಕೊರತೆ ಇಲ್ಲ ಅಂತಲ್ಲ. ‘ಸ್ಟಿಲ್ ಐ ಲಾಂಗ್ ಫಾರ್ ಯುವರ್ ಕಿಸ್’ ನನಗೆ ಜಾಸ್ತಿ ಎಳೆದಂತೆ ಅನಿಸುತ್ತದೆ, ಈಗಲೂ ದಾಟಿಸುತ್ತೇನೆ. ‘ಜಾಯ್’ ಹಾಡಿನ ಗಿಟಾರ್ ಮಕ್ಕಳು ಮಲಗಿದಾಗ ಹಾಕುವಂಥದ್ದಲ್ಲ.

ಕೊಳ್ಳುವುದಾದರೆ 2006ರ ಎರಡು ಸಿಡಿಯ ಆವೃತ್ತಿ ಒಳ್ಳೆಯದು. ಎರಡನೆಯದರಲ್ಲಿ 1998ರ ಒಂದು ಲೈವ್ ಕಾರ್ಯಕ್ರಮವಿದೆ. ಅದನ್ನು ಮೊದಲೇ ಕೇಳಬೇಡಿ, ಮೂಲ ಆಲ್ಬಂ ಬಾಯಿಪಾಠವಾದ ಮೇಲೆ ಕೇಳಿ. ಫೋನಿನಲ್ಲಿ ಕೇಳುವವರು ಶಫಲ್ ಆಫ್ ಮಾಡಿ. ಕೊನೆಯ ಹಾಡು ‘ಜಾಕ್ಸನ್’ ಲಾಫಯೆಟ್, ಬ್ಯಾಟನ್ ರೂಜ್, ವಿಕ್ಸ್‌ಬರ್ಗ್ ಅಂತ ಊರು ದಾಟುತ್ತಾ ಹೋಗುತ್ತದೆ. ಅದು ಕೊನೆಗೇ ಬರಬೇಕು. ನನ್ನ ಹಳೆಯ ಸಿಡಿಯ ಏಳನೇ ಹಾಡಿನಲ್ಲಿ ಈಗ ಒಂದು ಗೀರು ಬಿದ್ದಿದೆ, ಅಲ್ಲಿ ಹಾಡು ಒಂದು ಸಾಲು ಹಾರುತ್ತದೆ. ಆ ಸಾಲನ್ನು ಹಿಂದಿನ ಸೀಟಿನಿಂದ ಮಗಳು ಹಾಡುತ್ತಾಳೆ.